ದೆಹಲಿ ಕ್ಯಾಂಪಸ್ಸಿಗೆ ಆಲ್ದೂರಿನ ಅರ್ಜಿ

ನಮ್ಮ ವಿಶ್ವವಿದ್ಯಾಲಯ ದೆಹಲಿಯಲ್ಲಿ ಹೊಸ ಕ್ಯಾಂಪಸ್ ತೆರೆದಾಗ, ವಿದ್ಯಾರ್ಥಿಗಳನ್ನು ಹುಡುಕಿಕೊಂಡು ನಾನು ಆಲ್ದೂರಿಗೆ ಹೋಗಿದ್ದೆ. ಐವತ್ತು ದಾಟಿದ ಹೆಂಗಸೊಬ್ಬರು ಎಸ್ಟೇಟ್ ಕೆಲಸ ಮುಗಿಸಿ ನೇರವಾಗಿ ಬಂದು ಅರ್ಜಿ ಕೇಳಿದರು.

"ಮಗಳಿಗಾ ಅಮ್ಮ?" ಎಂದೆ.

"ಮಗಳು ಆಗ್ಲೇ ಟೀಚರ್ ಆಗಿದಾಳೆ. ಇದು ನಂಗೆ," ಎಂದು ತಮ್ಮ ಪದವಿ ಸರ್ಟಿಫಿಕೇಟ್ ಮುಂದಿಟ್ಟರು. ಕಾಫಿ ಹಣ್ಣು ಕುಯ್ಯುತ್ತಲೇ ದೂರಶಿಕ್ಷಣದಲ್ಲಿ ಓದಿ ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದರು! ಅದನ್ನು ಎರಡೆರಡು ಸಲ ಓದಿದೆ.

"ಯಾಕೆ, ವಯಸ್ಸಾದವ್ರಿಗೆ ಅಲ್ಲಿ ಜಾಗ ಇಲ್ವಾ?"

"ಇದೆ, ಇದೆ," ಎಂದು ತಡವರಿಸಿದೆ. ಆದರೆ ಅರ್ಜಿಯಲ್ಲಿ ಪೋಷಕರ ಸಹಿ ಕಡ್ಡಾಯವಾಗಿತ್ತು.

ಮರುದಿನ ಅವರು ಗೋಣಿಬೀಡಿನಿಂದ ತಮ್ಮ ಮುದಿ ತಾಯಿಯನ್ನೇ ಕರೆತಂದರು. ಅಜ್ಜಿ ಹೆಬ್ಬೆಟ್ಟು ಒತ್ತಿ, ನನ್ನನ್ನು ಗದರಿದರು: "ಹುಡುಗೀನ ಒಬ್ಳೇ ಕಳಿಸ್ತಿದೀನಿ, ಸರಿಯಾಗಿ ನೋಡ್ಕೊಳ್ಳಿ ಮಾರಾಯ್ರೆ."

ಹುಡುಗಿ ನನಗಿಂತ ಹನ್ನೆರಡು ವರ್ಷ ದೊಡ್ಡವರು.