ಪಾಯದಳದ ಪಟ್ಟಿ

ಬೇಸ್‌ಮೆಂಟಿನ ಕಪಾಟು ತೆಗೆದರೆ ನುಸಿಗುಳಿಗೆಯ ಜೊತೆಗೆ ಹಳೆಯ ಉಣ್ಣೆಯ ವಾಸನೆ ಮೂಗಿಗೆ ಬಡಿಯುತ್ತದೆ. "ಕುರಿ ಹೊರಗೆ ಬಂತಾ?" ಎಂದು ಹೆಂಡತಿ ಮೇಲಿನಿಂದಲೇ ಕೇಳುತ್ತಾಳೆ. ಕುರಿಯೆಂದರೆ ನನ್ನ ಸಮವಸ್ತ್ರವೋ ನಾನೋ, ವಿಚಾರಿಸಲು ಹೋಗಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಸಿಪಾಯಿಯಲ್ಲ. ಓಕ್‌ವಿಲ್‌ನಲ್ಲಿ ರೈಲು ಹತ್ತಿ, ಸ್ಟೌ ಆರಿಸಿದೆನೋ ಇಲ್ಲವೋ ಎಂದು ಟೊರಾಂಟೊವರೆಗೂ ಬೆವರುವವನು. ಇಂಥವನು ಕೆಲವು ವರ್ಷಗಳ ಹಿಂದೆ ಒಂದು ಗುಂಪು ಸೇರಿದೆ. ಎರಡನೆಯ ಮಹಾಯುದ್ಧದ ಸಿಪಾಯಿಗಳಂತೆ ಉಡುಪು ತೊಟ್ಟು, ಪಾರ್ಕಿನಲ್ಲಿ ಡೇರೆ ಹಾಕಿ, ಅವರು ಹೇಗೆ ಬದುಕಿದರೆಂದು ಬಂದವರಿಗೆ ತೋರಿಸುವ ಗುಂಪು. ಮಿಕ್ಕವರೆಲ್ಲ ಕೆನಡಾದ ಸಿಪಾಯಿಗಳು; ಇಟಲಿಯಲ್ಲಿ ಕಾದಾಡಿದ ಭಾರತದ ಸಿಪಾಯಿಯ ವೇಷದವನು ನಾನೊಬ್ಬನೇ. ಸತ್ತವರ ಬಟ್ಟೆಯಲ್ಲಿ ನಿಂತು ಸ್ಯಾಂಡ್‌ವಿಚ್ ತಿನ್ನುವುದು ಗೌರವವೋ ಅಣಕವೋ ಎಂಬ ಚಿಂತೆ ಮಾತ್ರ ಮೊದಲ ದಿನದಿಂದಲೂ ಇತ್ತು.

ಆ ಬೇಸಿಗೆಯಲ್ಲೇ ಎರಿನ್ ಮಿಲ್ಸ್‌ನ ಗೆಳೆಯ ಪಾಟೀಲ ಫೋನ್ ಮಾಡಿದ. "ಊರಿಂದ ಅಪ್ಪ ಬಂದಾರ. ಮಿಲಿಟರಿಯೊಳಗ ಹವಾಲ್ದಾರ ಇದ್ರು. ಸಂಡೇ ನಿಮ್ಮ ಕ್ಯಾಂಪಿಗೆ ಕರಕೊಂಡ ಬರ್ತೀನಿ."

ನಿಜವಾದ ಸಿಪಾಯಿ. ಅವರು ಹುಬ್ಬು ಗಂಟಿಕ್ಕಿದರೂ ಸಾಕು, ಇದನ್ನೆಲ್ಲ ಬಿಟ್ಟುಬಿಡುವುದೆಂದು ನಿರ್ಧರಿಸಿದೆ. ಆ ಭಾನುವಾರ ಮೂರು ಸಲ ಕನ್ನಡಿ ನೋಡಿಕೊಂಡು ಹೊರಟೆ.

ಎಂಬತ್ತು ದಾಟಿದ ಅಜ್ಜ ಬಂದವರೇ ನನ್ನನ್ನು ತಲೆಯಿಂದ ಕೆಳಕ್ಕೆ ನೋಡುತ್ತ ಹೋದರು. ಕಣ್ಣು ನನ್ನ ಕಾಲಿಗೆ ಸುತ್ತಿದ್ದ ಉಣ್ಣೆಯ ಪಟ್ಟಿಯ ಮೇಲೆ ನಿಂತಿತು. ಹುಬ್ಬು ಗಂಟಿಕ್ಕಿತು.

"ತಮ್ಮಾ, ನಿನ್ನ ಕುದುರಿ ಎಲ್ಲಿ ಕಟ್ಟಿ ಬಂದಿ?"

"ಕುದುರೆ ಇಲ್ಲ ಸರ್. ನಾನು ಪಾಯದಳ."

"ಮತ್ತ ಮಣಕಾಲಿಂದ ಕೆಳಗ ಯಾಕ ಸುತ್ತಿ? ಅದು ಕುದುರಿ ಸವಾರರ ಪದ್ಧತಿ. ನಡಿಯೋ ಮಂದಿ ಕೆಳಗಿಂದ ಮ್ಯಾಲ ಸುತ್ತತಾರ."

ನಾನು ಬೇಡವೆನ್ನುವಷ್ಟರಲ್ಲಿ ಅವರು ಹುಲ್ಲಿನ ಮೇಲೆ ಕುಳಿತು ಪಟ್ಟಿ ಬಿಚ್ಚತೊಡಗಿದ್ದರು. ಬಿಚ್ಚಿದ್ದನ್ನು ಪಾದದ ಕಡೆಯಿಂದ ಮೇಲಕ್ಕೆ ಮತ್ತೆ ಸುತ್ತಿದರು. "ನಮ್ಮಪ್ಪ ಇಟಲಿಗೆ ಹೋಗಿದ್ದ. ಅವನ ಕಲಿಸಿದ್ದು ಇದು," ಎಂದರು. ಆಮೇಲೆ, "ನೀ ಯಾರು ಇದರಾಗ? ಹೆಸರೇನು?"

"ಹೆಸರಿಲ್ಲ ಸರ್. ಒಬ್ಬ ಸಾಧಾರಣ ಸಿಪಾಯಿ."

"ಸಾಧಾರಣ ಸಿಪಾಯಿಗೆ ಹೆಸರಿರಂಗಿಲ್ಲೇನು?" ಅವರು ಪಟ್ಟಿಯ ಗಂಟು ಬಿಗಿದರು. "ನಮ್ಮಪ್ಪಂದು ಇಟ್ಟಗೋ. ಬಸಪ್ಪ. ನನ್ನ ಬಿಟ್ರ ಈಗ ಅವನ ಹೆಸರ ಹೇಳವ್ರು ಯಾರೂ ಉಳಿದಿಲ್ಲ. ಆದ್ರ ಹೊಟ್ಟಿ ಇಳಿಸ್ಬೇಕ ನೋಡು, ಅವಂಗ ಇಷ್ಟ ದೊಡ್ಡದು ಇದ್ದಿದ್ದಿಲ್ಲ."

ಎಷ್ಟೋ ತಿಂಗಳಿಂದ ಹಿಡಿದಿಟ್ಟಿದ್ದ ಉಸಿರು ಆಗ ಹೊರಬಂತು. ಪಾಟೀಲ ಅದನ್ನು ನಗು ಅಂದುಕೊಂಡ.

ನಾಳೆ ಸ್ಟೌಫ್‌ವಿಲ್‌ನಲ್ಲಿ ಕ್ಯಾಂಪು. ಮಳೆಯ ಚಿಂತೆಯಿದೆ, ಪಾರ್ಕಿಂಗಿನ ಚಿಂತೆಯಿದೆ, ಹೊಟ್ಟೆಯದಂತೂ ಇದ್ದೇ ಇದೆ. ಆದರೆ ಯಾರಾದರೂ ಬಂದು ನೀವು ಯಾರು ಎಂದು ಕೇಳಿದರೆ ನಾನು ತಡವರಿಸುವುದಿಲ್ಲ. ನೆಟ್ಟಗೆ ನಿಂತು, ಹಿಂದಿನ ಸಾಲಿಗೂ ಕೇಳುವ ಹಾಗೆ, ಬಸಪ್ಪ ಎನ್ನುತ್ತೇನೆ.