ತಾಯಿಯಿಲ್ಲದ ರಾಜ

ಕಾರ್ಕಳದಲ್ಲಿ ನನ್ನ ಭಾಷಣ ಇದ್ದದ್ದು ಮಧ್ಯಾಹ್ನ ಮೂರಕ್ಕೆ. ತಡವಾದರೆ ಎಂಬ ಹೆದರಿಕೆಯಲ್ಲಿ ಹನ್ನೊಂದಕ್ಕೇ ಬಂದಿಳಿದು, ಬಸ್‌ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತ ಟಿಪ್ಪಣಿಯನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಗ್ರೀಕ್ ಪುರಾಣದಂತೆ ಅಥೆನ್ಸ್ ನಗರದ ಮೊದಲ ರಾಜ ಕೆಕ್ರೊಪ್ಸ್. ಸೊಂಟದ ಮೇಲೆ ಮನುಷ್ಯ, ಕೆಳಗೆ ಹಾವು. ಇವನ ಕಥೆ ಕೇಳಿ ಸಭೆ ಆಕಳಿಸಿದರೆ ಏನು ಗತಿ ಎಂಬುದೇ ಚಿಂತೆ.

ಹೋಟೆಲು ನಡೆಸುವ ಸುಮತಿಯಕ್ಕ ಚಹಾ ಕೆಳಗಿಟ್ಟು ಕೈಮುಗಿದರು. "ನಾಗನ ವಿಷಯ ಎಂಜಲು ಕೈಯಲ್ಲಿ ಹೇಳುವುದಾ ಮಾರಾಯ್ರೇ?"

ಕೈ ತೊಳೆದು ಬಂದು ಮುಂದುವರಿಸಿದೆ. ಈ ರಾಜ ಬರುವವರೆಗೆ ಅಥೆನ್ಸಿನಲ್ಲಿ ಮಕ್ಕಳಿಗೆ ತಾಯಿಯ ಹೆಸರೇ ಇತ್ತಂತೆ. ಮದುವೆಯ ಕಟ್ಟಳೆ ತಂದು ತಂದೆಯ ಹೆಸರು ಕೊಡಿಸಿದವನು ಇವನಂತೆ.

"ಸರಿ ಇದ್ದದ್ದನ್ನು ಯಾಕೆ ಹಾಳು ಮಾಡಿದ? ನಮಗೆ ಈಗಲೂ ಬಳಿ ಬರುವುದು ತಾಯಿಯಿಂದಲೇ ಅಲ್ವಾ? ಅವನ ಬಳಿ ಯಾವುದು?"

ತುಳುನಾಡಿನಲ್ಲಿ ಬಳಿ ಎಂದರೆ ತಾಯಿಯ ಕಡೆಯ ಕುಲ. ನನ್ನ ಹನ್ನೆರಡು ಪುಟಗಳಲ್ಲಿ ಅದೊಂದಿರಲಿಲ್ಲ.

"ಅವನಿಗೆ ತಾಯಿಯೇ ಇರಲಿಲ್ಲ ಅಕ್ಕ. ಮಣ್ಣಿನಿಂದ ಎದ್ದು ಬಂದವನಂತೆ."

"ಹಾಗೆ ಹೇಳಿ! ತಾಯಿ ಇದ್ದಿದ್ದರೆ ಕಿವಿ ಹಿಂಡಿ ಕೂರಿಸುತ್ತಿದ್ದಳು."

ಭಾಷಣಕ್ಕೆ ಇದಕ್ಕಿಂತ ಒಳ್ಳೆಯ ಮುಕ್ತಾಯ ನನಗೆ ಸಿಕ್ಕಿರಲಿಲ್ಲ. "ಸಭೆಯಲ್ಲಿ ಇದನ್ನೇ ಹೇಳಲಾ?" ಎಂದು ಕೇಳಿದೆ.

"ಹೇಳಿ, ಎಂತ ತೊಂದರೆ ಉಂಟು?" ಎಂದವರು ನಾನು ಆಗಷ್ಟೇ ಕೈಗೆತ್ತಿಕೊಂಡಿದ್ದ ಎರಡನೆಯ ಬನ್ಸನ್ನು ನೋಡಿದರು. "ಕೈ ಮಾತ್ರ ಇನ್ನೊಮ್ಮೆ ತೊಳೆದುಕೊಂಡು ಹೋಗಿ."