ಕೊಬ್ಬರಿ ಎಣ್ಣೆ ಕುಡಿದ ಬಂದೂಕು

ಆಗೆಲ್ಲ ಕೆನಡಾದ ಮಿಸಿಸಾಗದ ನಮ್ಮ ಮನೆಗೆ ಬಂದವರು ಬಾಗಿಲಲ್ಲೇ ಮೂಗು ಅರಳಿಸುತ್ತಿದ್ದರು. ಮೇಲೆ ಅಮ್ಮನ ಒಗ್ಗರಣೆ, ಕೆಳಗೆ ಬೇಸ್‌ಮೆಂಟಿನಿಂದ ಅಗಸೆ ಎಣ್ಣೆ, ಮರದ ಹೊಟ್ಟಿನ ವಾಸನೆ. ನಿಮ್ಮ ಅಪ್ಪಂದಿರು ಭಾನುವಾರ ಕ್ರಿಕೆಟ್ ನೋಡುತ್ತಿದ್ದರೇನೋ, ನಮ್ಮಪ್ಪ ಹಳೇ ಬಂದೂಕುಗಳ ಮೈ ಉಜ್ಜುತ್ತಿದ್ದರು. ನನಗೀಗ ಆಫೀಸು ಮುಗಿಸಿ ಬಂದರೆ ಷೂ ಬಿಚ್ಚುವುದಕ್ಕೂ ಬೇಜಾರು. ಕಾರಿನ ಕಾರ್ಖಾನೆಯಲ್ಲಿ ಇಡೀ ಶಿಫ್ಟು ನಿಂತು ಬಂದ ಮೇಲೂ ಅವರಿಗೆ ಆ ಹುಮ್ಮಸ್ಸು ಎಲ್ಲಿಂದ ಬರುತ್ತಿತ್ತೋ, ನಾ ಕಾಣೆ.

ಅವರಿಗೆ ಎಲ್ಲ ಬಂದೂಕೂ ಆಗುತ್ತಿರಲಿಲ್ಲ. ಯುರೋಪಿನ ಬೇಟೆಗಾರರ ಹಳೇ ರೈಫಲ್ಲೇ ಬೇಕು, ಅದರಲ್ಲೂ ನಳಿಗೆಯ ತುದಿಯವರೆಗೂ ಮರ ಹೊದ್ದದ್ದೇ ಆಗಬೇಕು. ಆ ವರ್ಷ ಸಿಕ್ಕ ಆಸ್ಟ್ರಿಯಾದ ರೈಫಲ್ಲಿನ ಮುಂದಿನ ಮರವನ್ನು ಯಾವನೋ ಪುಣ್ಯಾತ್ಮ ಹೊಸ ಫ್ಯಾಷನ್ನೆಂದು ಅರ್ಧಕ್ಕೇ ಕೊಯ್ದು ಹಾಕಿದ್ದ.

“ನೋಡು ಪುಟ್ಟಿ, ಅರ್ಧ ಸೀರೆ ಉಡಿಸಿ ನಿಲ್ಸಿದಾನೆ, ಪಾಪಿ!” ಎಂದು ಅಪ್ಪ ಹಲ್ಲು ಕಡಿದರು.

ಬೇಸಿಗೆಯಿಡೀ ಅದೇ ಬಣ್ಣದ ಅಕ್ರೋಟು ಮರ ಹುಡುಕಿ, ಬೆಸೆದು, ಕೀಸಿ, ನುಣುಪು ಮಾಡಿದರು. ತುದಿಗೆ ಪುಟ್ಟದೊಂದು ಉಕ್ಕಿನ ಟೋಪಿ ಕೂರಿಸಿದರು. ಅಂಗೈ ಬಿಸಿಯಾಗುವ ತನಕ ಮರಕ್ಕೆ ಎಣ್ಣೆ ತಿಕ್ಕುವುದು ನನ್ನ ಪಾಲು. ಕೊನೆಗೆ ಬೆಸುಗೆ ಎಲ್ಲಿದೆಯೆಂದು ನನ್ನ ಬೆರಳಿಗೂ ಸಿಗಲಿಲ್ಲ.

ಅಮ್ಮ ಮಾತ್ರ ಕೆಳಗಿಳಿಯುತ್ತಿರಲಿಲ್ಲ. “ಮೈಸೂರಲ್ಲಿ ಇಲಿ ಹೊಡೆಯೋಕೂ ಹೆದರ್ತಿದ್ರು, ಇಲ್ಲಿ ಬೇಟೆಯಂತೆ ಬೇಟೆ!” ಎಂದು ಮೆಟ್ಟಿಲ ಮೇಲಿಂದಲೇ ಗೊಣಗುತ್ತಿದ್ದಳು. ಅದು ಅಪ್ಪನಿಗೆ ತಾಗುತ್ತಿರಲಿಲ್ಲ. ತಾಗುತ್ತಿದ್ದದ್ದು ಕಾರ್ಖಾನೆಯ ಗೆಳೆಯರ ನಗು. ನವೆಂಬರಿನ ಜಿಂಕೆ ಬೇಟೆಗೆ ಅವರು ಅಪ್ಪನನ್ನೂ ಕರೆಯುತ್ತಿದ್ದರು, ಆದರೆ ಅಡುಗೆಗೆ. ಇವರ ಬಂದೂಕು ಗೋಡೆಗೆ ನೇತುಹಾಕಲು ಚೆಂದ ಅನ್ನುತ್ತಿದ್ದರು. ಬೇಡಿಬೇಡಿ, ಆ ಸಲ ಮೊದಲ ಗುಂಡು ಹಾರಿಸುವ ಸರದಿ ತಮಗೆ ಎಂದು ಅಪ್ಪ ಒಪ್ಪಿಸಿದ್ದರು. “ಈ ಸಲ ತೋರಿಸ್ತೀನಿ ಕಣೇ,” ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು.

ಆಯುಧ ಪೂಜೆಯ ದಿನ ಅಮ್ಮನಿಗೆ ಏನನ್ನಿಸಿತೋ, ಕುಂಕುಮದ ತಟ್ಟೆ ಹಿಡಿದು ತಾನೇ ಕೆಳಗಿಳಿದು ಬಂದಳು. ಅಪ್ಪ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡಲು ಹೊರಗೆ ಹೋಗಿದ್ದರು. ರೈಫಲ್ಲಿನ ಬೋಲ್ಟು, ಹಿಂದೆ ಮುಂದೆ ಎಳೆಯುವ ಆ ಉಕ್ಕಿನ ತುಂಡು, ಮೇಜಿನ ಮೇಲೆ ಬೇರೆಯಾಗಿ ಇತ್ತು.

“ಇದೇ ತಾನೇ ಬಿಗಿ ಅಂತಿದ್ದಿದ್ದು ನಿಮ್ಮಪ್ಪ?” ಎಂದವಳೇ, ನನ್ನ ತಲೆಗೆ ಹಚ್ಚುವ ಹಾಗೆಯೇ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಂದು ಅದರ ಸಂದುಗೊಂದಿಗೆಲ್ಲ ಧಾರಾಳವಾಗಿ ಕುಡಿಸಿದಳು. “ಹೇಳ್ಬೇಡ ಕಣೇ, ಬೀಗ್ತಾರೆ ಆಮೇಲೆ.”

ಪೂಜೆ ಆದದ್ದನ್ನು ಬೇಟೆಯ ತನಕ ಬಿಚ್ಚಕೂಡದೆಂದು ಅಪ್ಪನಿಗೆ ಕಟ್ಟಪ್ಪಣೆಯೂ ಆಯಿತು. ಹೆಂಡತಿ ಕೆಳಗಿಳಿದು ಬಂದದ್ದೇ ಹೆಚ್ಚೆಂದು ಅಪ್ಪ ಹೂಂಗುಟ್ಟಿದರು.

ಬೇಟೆಗೆ ನನ್ನನ್ನೂ ಕರೆದೊಯ್ದರು. ಅಬ್ಬಾ, ಅದೇನು ಚಳಿ! ಹುಲ್ಲೆಲ್ಲ ಹೆಪ್ಪುಗಟ್ಟಿತ್ತು. ಹೊತ್ತು ಹುಟ್ಟುವಾಗ ದೊಡ್ಡದೊಂದು ಜಿಂಕೆ ಎದುರಿಗೇ ಬಂದು ನಿಂತಿತು. ಅಪ್ಪ ಗುರಿಯಿಟ್ಟು ಬಂದೂಕಿನ ಕುದುರೆ ಎಳೆದರು. ಟಿಕ್ ಅಂದಿತು, ಅಷ್ಟೇ. ಗುಂಡು ಹಾರಲಿಲ್ಲ. ಜಿಂಕೆ ಕಿವಿ ನಿಮಿರಿಸಿ ಒಂದೇ ನೆಗೆತಕ್ಕೆ ಮಾಯವಾಯಿತು. ಹಿಂದೆ ನಿಂತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪನ ಮುಖ ನೋಡಲಾಗದೆ ನಾನು ನೆಲ ನೋಡಿದೆ.

ಕಾರಿನಲ್ಲಿ ಕೂತು ಬೋಲ್ಟು ಬಿಚ್ಚಿದರು. ಒಳಗೆ ಗುಂಡಿಗೆ ಪೆಟ್ಟು ಕೊಡುವ ಮೊಳೆಯ ಸ್ಪ್ರಿಂಗಿನ ಸುತ್ತ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು, ಚಳಿಗಾಲದಲ್ಲಿ ನಮ್ಮ ಬಚ್ಚಲಿನ ಬಾಟಲಿಯಲ್ಲಿ ಕೂರುವ ಹಾಗೆ. ಅಪ್ಪ ಮೂಸಿ ನೋಡಿದರು. ಆಮೇಲೆ ನನ್ನ ಜಡೆಯ ಕಡೆ ನೋಡಿದರು. ಬೋಲ್ಟನ್ನು ಕರವಸ್ತ್ರದಲ್ಲಿ ಸುತ್ತಿಟ್ಟು ಕಾರು ಹೊರಡಿಸಿದರು.

ಮನೆಯ ಬಾಗಿಲಲ್ಲೇ ಅಮ್ಮ, “ಏನಾಯ್ತೂಂದ್ರೆ?” ಎಂದಳು.

“ನಂದೇ ತಪ್ಪು ಕಣೇ. ಜಿಂಕೆ ನೋಡಿ ಕೈ ನಡುಗ್ಬಿಡ್ತು.”

“ನಾನು ಬಡ್ಕೊಂಡೆ, ನಿಮ್ಗಿದೆಲ್ಲ ಆಗಲ್ಲ ಅಂತ. ಹೋಗ್ಲಿ ಬಿಡಿ, ಕೈಕಾಲು ತೊಳ್ಕೊಳ್ಳಿ, ಸಾರು ಬಿಸಿ ಇದೆ.”

ಅಪ್ಪ ಎರಡು ಸಲ ಸಾರು ಹಾಕಿಸಿಕೊಂಡು ಉಂಡರು. ಮೊದಲ ಗುಂಡಿನ ಸರದಿ ಮತ್ತೆ ಅವರಿಗೆ ಬರಲೇ ಇಲ್ಲ, ಹೋದಾಗಲೆಲ್ಲ ಒಲೆ ಮುಂದೆಯೇ ಕೂತರು. ಅಮ್ಮ ಪ್ರತಿ ಆಯುಧ ಪೂಜೆಗೂ ಎಣ್ಣೆ ಹಿಡಿದು ಇಳಿದು ಬಂದಳು. ಅವಳು ಮೇಲೆ ಹೋದ ಮೇಲೆ ಅಪ್ಪ ಸದ್ದಿಲ್ಲದೆ ಒರೆಸಿಡುತ್ತಿದ್ದರು.

ಈಗ ಅಪ್ಪ ಇಲ್ಲ. ಬಂದೂಕುಗಳು ಲೈಸೆನ್ಸ್ ಇದ್ದವರ ಕೈಗೆ ಹೋದವು. ನಮ್ಮ ಮನೆಯಲ್ಲಿ ಹಾಲು ಉಕ್ಕಿದರೆ ಸಾಕು, ನಾನೂ ನನ್ನ ಗಂಡನೂ ತಪ್ಪು ಯಾರದೆಂದು ತೀರ್ಮಾನವಾಗುವ ತನಕ ಉಣ್ಣುವುದಿಲ್ಲ. ಗೆದ್ದವರಿಗೂ ಊಟ ಸೇರುವುದಿಲ್ಲ. ಸುಸ್ತಾಗಿದೆ ನನಗೆ.

ಅಮ್ಮ ಈಗ ನನ್ನ ಜೊತೆಗಿದ್ದಾಳೆ. ಮೊನ್ನೆ ಆಯುಧ ಪೂಜೆಗೆ ನನ್ನ ಲ್ಯಾಪ್‌ಟಾಪಿಗೆ ಕುಂಕುಮ ಇಡುತ್ತಾ ಕೇಳಿದಳು: “ಆ ಬಂದೂಕಿಗೆ ಈಗ ಯಾರಾದ್ರೂ ಎಣ್ಣೆ ಹಾಕ್ತಾರೇನೇ? ನಾನು ಹಾಕ್ತಿದ್ನಲ್ಲ, ಒಂದು ದಿನಾನೂ ಕೈ ಕೊಡ್ಲಿಲ್ಲ ಅದು. ನಿಮ್ಮಪ್ಪನ ಕೈನೇ ನಡುಗಿದ್ದು.”

“ಹೂಂ ಅಮ್ಮ,” ಎಂದೆ. “ಅಪ್ಪಂದೇ ತಪ್ಪು.”